ಆರ್ವಿಲ್ ಕರೆದಾಗ ಬಂದವರು

ಜುಲೈ ನಾಲ್ಕರ ಸ್ವಾತಂತ್ರ್ಯದ ಹಬ್ಬದ ದಿನ ನಮ್ಮೂರು ಟಿನ್‌ಕಪ್‌ನಲ್ಲಿ ನಡೆದ, ನರಿಯಂಥ ಕಾಡುಪ್ರಾಣಿ ಕಯೋಟಿಯ ಹಾಗೆ ಕೂಗುವ ಸ್ಪರ್ಧೆಯನ್ನು ಆರ್ವಿಲ್ ಟೀಸ್‌ಡೇಲ್ ಗೆದ್ದದ್ದು ಹೀಗೆ: ಅವನಿಗಿಂತ ಎಷ್ಟೋ ಪಾಲು ಚೆನ್ನಾಗಿ ಕೂಗುತ್ತಿದ್ದ ಮುದುಕನೊಬ್ಬನ ಹಲ್ಲಿನ ಸೆಟ್ಟು, ಕೂಗು ತಾರಕಕ್ಕೇರಿದ ಹೊತ್ತಿಗೆ ಸರಿಯಾಗಿ ಬಾಯಿಂದ ಹಾರಿ, ತೀರ್ಪುಗಾರರ ನಿಂಬೆ ಪಾನಕದಲ್ಲಿ ಬಿತ್ತು. ಕಣದಲ್ಲಿ ಉಳಿದವನು ಆರ್ವಿಲ್ ಒಬ್ಬನೇ.

ಬಹುಮಾನವಾಗಿ ಅವನಿಗೆ ಒಂದು ಟೋಪಿ ಮತ್ತು ಒಂದು ಪೀಪಿ ಸಿಕ್ಕಿದವು. ಟೋಪಿಯ ಮೇಲೆ 'ಕಯೋಟಿ ಕರೆಯುವವ' ಎಂದು ಹಳದಿ ದಾರದಲ್ಲಿ ಹೊಲಿದಿತ್ತು. ಪೀಪಿ ಊದಿದರೆ ಸಂಕಟಕ್ಕೆ ಸಿಕ್ಕ ಮರಿಯ ದನಿ ಬರುತ್ತಿತ್ತು. ಆರ್ವಿಲ್ ಶಾಲೆಯ ಬಸ್ಸು ಓಡಿಸುವವನು. ಬೇಸಿಗೆ ರಜೆಯಲ್ಲಿ ಅವನಿಗೆ ಓಡಿಸಲು ಬಸ್ಸೂ ಇಲ್ಲ, ಗದರಿಸಲು ಮಕ್ಕಳೂ ಇಲ್ಲ. ಹೀಗಾಗಿ ಅವನು ಆ ಟೋಪಿಯನ್ನು ತಲೆಯ ಮೇಲೂ ಪೀಪಿಯನ್ನು ಕೊರಳಲ್ಲೂ ಹಾಕಿಕೊಂಡು ಚರ್ಚಿಗೆ, ಅಂಚೆ ಕಚೇರಿಗೆ, ಕ್ಷೌರದಂಗಡಿಗೆ ಹೋಗಿಬರತೊಡಗಿದ. ಯಾರಾದರೂ "ಇದುವರೆಗೆ ಎಷ್ಟು ಹೊಡೆದಿದ್ದೀಯಪ್ಪ?" ಎಂದು ಕೇಳಿದರೆ, ದೂರದ ಗುಡ್ಡ ನೋಡುತ್ತ, "ಲೆಕ್ಕ ಇಟ್ಟಿಲ್ಲ" ಅನ್ನುತ್ತಿದ್ದ. ಅದು ಅಪ್ಪಟ ಸತ್ಯ. ಇಡಲು ಲೆಕ್ಕವೇ ಇರಲಿಲ್ಲ.

ಈ ಟೋಪಿ ಹೀಗೇ ಬಿಸಿಲಿಗೆ ಬಣ್ಣಗೆಟ್ಟು ಹೋಗಬಹುದಿತ್ತು. ಆದರೆ ಅದೇ ತಿಂಗಳು ಬ್ಯಾಟಿಸ್ಟ್ ಎಚಾರ್ಟ್‌ನ ಕುರಿಮರಿಗಳು ಸಾಯತೊಡಗಿದವು.

ಎಚಾರ್ಟ್‌ನ ಅಜ್ಜ ಕಡಲಾಚೆಯ ಬಾಸ್ಕ್ ಸೀಮೆಯಿಂದ ಕೈಕೋಲು ಹಿಡಿದು ಬಂದವನು. ಮೊಮ್ಮಗನ ಹತ್ತಿರ ಈಗ ದೊಡ್ಡ ಮಂದೆಯಿದೆ. ಆದರೆ ಬೇಸಿಗೆಯ ಹುಲ್ಲಿಲ್ಲ. ಬೇಸಿಗೆಯ ಹುಲ್ಲೆಲ್ಲ ರಾಯ್ಸ್ ಹ್ಯಾಂಡ್ಲಿಯದು. ಹ್ಯಾಂಡ್ಲಿ 'ಸರಿ' ಅಂದರೆ ಎಚಾರ್ಟ್‌ನ ಕುರಿ ಗುಡ್ಡ ಹತ್ತುತ್ತದೆ, 'ಊಹೂಂ' ಅಂದರೆ ಮಾರುಕಟ್ಟೆಗೆ ಹೋಗುತ್ತದೆ. ಆ ಕುರಿಗಳ ಜೊತೆ ಗುಡ್ಡದ ಮೇಲೆ, ಚಕ್ರದ ಮೇಲಿನ ಒಂದು ತಗಡಿನ ಗಾಡಿಯಲ್ಲಿ ಇದ್ದವನು ಎಫ್ರೈನ್ ಪೋಮ, ಪೆರು ದೇಶದ ಕುರುಬ. ಅವನ ವೀಸಾದಲ್ಲಿ ಇರುವುದು ಒಬ್ಬನೇ ಯಜಮಾನನ ಹೆಸರು; ಆ ಒಬ್ಬ ಬೇಡ ಅಂದರೆ ಇಡೀ ದೇಶ ಬೇಡ ಅಂದ ಹಾಗೆ.

ವಿಚಾರಣೆಗೆ ಹಿಂಸ್ರಪ್ರಾಣಿ ನಿಯಂತ್ರಣ ಮಂಡಳಿ ಸೇರಿತು. ಅಧ್ಯಕ್ಷರು, ಹೇಳಬೇಕಾಗಿಯೇ ಇಲ್ಲ, ರಾಯ್ಸ್ ಹ್ಯಾಂಡ್ಲಿ. ಅವರ ಕುರ್ಚಿಯ ಎರಡೂ ಕಡೆ ಅವರ ಎರಡು ದೊಡ್ಡ ನಾಯಿಗಳು, ಕೊರಳಲ್ಲಿ ಹಿತ್ತಾಳೆ ಫಲಕದ ಕೆಂಪು ಪಟ್ಟಿ ಧರಿಸಿ, ಗೊರಕೆ ಹೊಡೆಯುತ್ತ ಮಲಗಿದ್ದವು. ಒಂದರ ಹೆಸರು ಜಡ್ಜ್, ಇನ್ನೊಂದರದು ಜನರಲ್. ಹಗಲೆಲ್ಲ ಹೀಗೆ ನಿದ್ರಿಸುವ ನಾಯಿಗಳು ಬೆಳಗಿನ ಜಾವ ಏನು ಮಾಡುತ್ತವೆ ಎಂದು ಕೇಳುವ ಕೆಟ್ಟ ಅಭ್ಯಾಸ ಟಿನ್‌ಕಪ್‌ನಲ್ಲಿ ಯಾರಿಗೂ ಇರಲಿಲ್ಲ.

ಸತ್ತ ಮರಿಯೊಂದನ್ನು ಗೋಣಿಯ ಮೇಲೆ ಇಟ್ಟಿದ್ದರು. ಕಯೋಟಿ ಗಂಟಲು ಹಿಡಿಯುತ್ತದೆ, ಕೊಲ್ಲುತ್ತದೆ, ಹೊಟ್ಟೆ ತುಂಬ ತಿನ್ನುತ್ತದೆ, ಬಿಲದಲ್ಲಿರುವ ಮಕ್ಕಳಿಗೂ ಒಯ್ಯುತ್ತದೆ. ಆಟಕ್ಕೆ ಬಿದ್ದ ನಾಯಿ ಹಿಂದಿನ ತೊಡೆ ಸೀಳಿ, ತಿನ್ನದೆ ಬಿಟ್ಟು, ಇನ್ನೊಂದನ್ನು ಅಟ್ಟಿಸಿಕೊಂಡು ಹೋಗುತ್ತದೆ. ನಮ್ಮ ಸೀಮೆಯಲ್ಲಿ ಇದು ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ಗೋಣಿಯ ಮೇಲಿದ್ದ ಮರಿಯ ಗಂಟಲಿಗೆ ಒಂದು ಗೀರೂ ಇರಲಿಲ್ಲ. ಹಿಂದಿನ ತೊಡೆಗಳು ಚಿಂದಿಯಾಗಿದ್ದವು. ಮಂಡಳಿ ಅದನ್ನು ಸುತ್ತುವರಿದು ನೋಡಿತು, ಗಲ್ಲ ಕೆರೆದುಕೊಂಡಿತು, ಕಯೋಟಿಯೇ ಎಂದು ಒಮ್ಮತದಿಂದ ತೀರ್ಮಾನಿಸಿತು.

ಬಾಗಿಲ ಬಳಿ ನಿಂತಿದ್ದ ಎಫ್ರೈನ್, "ಕಯೋಟಿ ಅಲ್ಲ ಸ್ವಾಮಿ. ನಾನು ನೋಡ್ದೆ. ಎರಡಿದ್ವು. ದೊಡ್ಡವು. ಕತ್ತು ಕೆಂಪಗಿತ್ತು" ಅಂದ.

ಕೋಣೆಯಲ್ಲಿದ್ದ ಎಲ್ಲರಿಗೂ ಒಟ್ಟಿಗೆ ಕೆಮ್ಮು ಬಂತು. ಮೇಜಿನ ಕೆಳಗೆ ಜಡ್ಜ್ ಮಗ್ಗುಲು ಬದಲಿಸಿತು. ಕುರಿಯ ಬೆನ್ನುಬಿದ್ದ ನಾಯಿಗೆ ನಮ್ಮಲ್ಲಿ ವಿಚಾರಣೆಯಿಲ್ಲ, ಕಂಡಲ್ಲೇ ಗುಂಡು. ಇದೇ ಎಚಾರ್ಟ್ ಹಿಂದೊಮ್ಮೆ ತನ್ನ ಮಗಳು ಹಾಲು ಹಾಕಿ ಬೆಳೆಸಿದ ನಾಯಿಯನ್ನು ತಾನೇ ಕೊಟ್ಟಿಗೆಯ ಹಿಂದೆ ಕರೆದೊಯ್ದಿದ್ದ. ಈಗ ಅವನು ತನ್ನ ಹ್ಯಾಟಿನ ಒಳಭಾಗವನ್ನು ಅಪಾರ ಕುತೂಹಲದಿಂದ ಪರೀಕ್ಷಿಸುತ್ತಿದ್ದ.

ಹ್ಯಾಂಡ್ಲಿ ಸಿಟ್ಟಾಗಲಿಲ್ಲ. ದೊಡ್ಡವರು ಸಿಟ್ಟಾಗುವುದಿಲ್ಲ. "ಪಾಪ, ಮುಂಜಾನೆ ಮಂಪರಲ್ಲಿ ಏನೋ ಕಂಡಿದ್ದಾನೆ. ಒಂದು ಕೆಲಸ ಮಾಡೋಣ. ಕಯೋಟಿ ಇದ್ರೆ, ಕರೆದ್ರೆ ಬರತ್ತೆ. ಚೆನ್ನಾಗಿ ಕರೆಯೋರು ಕರೆದೂ ಬರ್ಲಿಲ್ಲ ಅಂದ್ರೆ, ಕಯೋಟಿ ಇಲ್ಲ ಅಂತ ಅರ್ಥ. ಕಯೋಟಿ ಇಲ್ಲ ಅಂದ್ಮೇಲೆ ಮರಿಗಳನ್ನ ಕೊಯ್ದು ತಿಂದಿದ್ದು ಗುಡ್ಡದ ಮೇಲೆ ಇರೋನೇ. ಶನಿವಾರದ ಬಸ್ಸಿಗೆ ಅವನನ್ನ ಹತ್ತಿಸಿಬಿಡಿ, ಬ್ಯಾಟಿಸ್ಟ್. ಏನಂತೀರಿ?"

ಎಚಾರ್ಟ್ ಹ್ಯಾಟಿನೊಳಕ್ಕೆ, "ಸರಿ" ಅಂದ.

"ಮತ್ತೆ ಕರೆಯೋರು ಯಾರು?" ಯಾರೋ ಕೇಳಿದರು. ಸರ್ಕಾರದ ಬೇಟೆಗಾರ ಸೊಂಟ ಉಳುಕಿಸಿಕೊಂಡು ಮಲಗಿದ್ದ. ಹ್ಯಾಂಡ್ಲಿಯ ಕಣ್ಣು ಸಾಲುಕುರ್ಚಿಗಳ ಮೇಲೆ ನಿಧಾನವಾಗಿ ಹರಿದು ಒಂದು ಟೋಪಿಯ ಮೇಲೆ ನಿಂತಿತು.

"ನಮ್ಮ ಚಾಂಪಿಯನ್ನೇ ಇದ್ದಾರಲ್ಲ!"

ಚಪ್ಪಾಳೆ ಬಿತ್ತು. ಆರ್ವಿಲ್ ಎದ್ದು ನಿಂತು ತಲೆಬಾಗಿದ. ಆಗಲೇ ಕೂತಿದ್ದರೆ ಚೆನ್ನಾಗಿತ್ತು, ಆದರೆ ಚಪ್ಪಾಳೆ ಬಿದ್ದ ಮೇಲೆ ಕೂರುವ ಕಲೆ ಬಸ್ಸಿನ ಚಾಲಕರಿಗೆ ಯಾರೂ ಕಲಿಸುವುದಿಲ್ಲ.

ಮನೆಯಲ್ಲಿ ಹೆಂಡತಿ ಲವೋನ್ ಸುದ್ದಿ ಕೇಳಿ ಆಲೂಗಡ್ಡೆ ಸುಲಿಯುವುದನ್ನೂ ನಿಲ್ಲಿಸಲಿಲ್ಲ. "ಮದುವೆಯಾದಾಗಿಂದ ನೀನು ಕರೆದ್ರೆ ಅಡುಗೆಮನೆಯಿಂದ ನಾನೇ ಬಂದಿಲ್ಲ. ಕಾಡುಪ್ರಾಣಿ ಬರತ್ತಾ?"

"ಅದಕ್ಕೊಂದು ಶಾಸ್ತ್ರ ಇದೆ ಲವೋನ್. ಬೇಸಿಗೇಲಿ ಅವಕ್ಕೆ ಮರಿ ಇರತ್ತೆ. ಮರಿ ಅತ್ತ ಹಾಗೆ ಊದಿದ್ರೆ ತಾಯಿ ಓಡಿ ಬರಬೇಕು."

"ಬಂದ ಮೇಲೆ?"

ಆರ್ವಿಲ್ ಅಟ್ಟದಲ್ಲಿ ಕೋವಿ ಹುಡುಕಲು ಹೋದ.

ಬುಧವಾರ ನಸುಕಿನಲ್ಲಿ ಅವನು ಮಾವನ ಹಳೆಯ ಕೋವಿ ಹಿಡಿದು ಗುಡ್ಡ ಹತ್ತಿದ. ಗಾಡಿಯ ಕೆಳಗೆ ಎಫ್ರೈನ್‌ನ ಬಿಳಿ ಕಾವಲುನಾಯಿ, ಹರಿದ ಕಿವಿಗೆ ಬಟ್ಟೆ ಕಟ್ಟಿಸಿಕೊಂಡು ನರಳುತ್ತಿತ್ತು. ಎಫ್ರೈನ್ ತಗಡಿನ ಲೋಟದಲ್ಲಿ ಕಾಫಿ ಕೊಟ್ಟು, ತನ್ನೂರಿನ ಮರ್ಯಾದೆಯಂತೆ ಹೆಸರಿಗೆ 'ದೊನ್' ಸೇರಿಸಿ ಮಾತಾಡಿಸಿದ.

"ದೊನ್ ಆರ್ವಿಲ್, ನಿಮ್ಮನ್ನ ನೋಡಿ ಜೀವ ಬಂತು. ನನ್ನೂರಲ್ಲಿ ಮನೆಗೆ ಗೋಡೆ ಎದ್ದಿದೆ, ಸೂರಿಲ್ಲ. ಇಲ್ಲಿಂದ ಕಳ್ಳ ಅಂತ ಹೋದ್ರೆ ಇನ್ನು ಯಾವ ಯಜಮಾನನೂ ನನ್ನ ಕರೆಯಲ್ಲ, ಗೋಡೆ ಮಳೇಲಿ ಕರಗತ್ತೆ. ನೀವು ಒಂದೇ ಒಂದು ಕಯೋಟಿ ಕರೀರಿ. ಮುದೀದಾದ್ರೂ ಸರಿ, ಕುಂಟಾದ್ರೂ ಸರಿ."

"ಬಂತು ಅಂತ ತಿಳ್ಕೋ" ಅಂದ ಆರ್ವಿಲ್. ಟೋಪಿ ಮಾತಾಡಿಸಿದ್ದು ಅದು.

ಗಾಳಿಗೆ ಎದುರಾಗಿ ಸೇಜ್ ಪೊದೆಯಲ್ಲಿ ಕುಳಿತು, ಕಣ್ಣು ಮಿಟುಕಿಸದೆ, ಅವನು ಪೀಪಿ ಊದಿದ. ಮರಿ ಅತ್ತಿತು. ಬಹಳ ಚೆನ್ನಾಗಿಯೇ ಅತ್ತಿತು. ಸ್ವಲ್ಪ ಹೊತ್ತಿಗೆ ದಿಬ್ಬದ ಆಚೆ ನೆಲ ಗುಡುಗಿತು. ಧೂಳೆದ್ದಿತು. ಧೂಳಿನೊಳಗಿಂದ ಬಂದದ್ದು ಹ್ಯಾಂಡ್ಲಿಯ ಹಸುಗಳು, ಬಾಲವೆತ್ತಿ, ಮೂಗರಳಿಸಿ, ಯಾರ ಕರು ಅಳುತ್ತಿದೆ ಎಂದು ಕೇಳುತ್ತ. ಮುಂದಿದ್ದ ಹಸು ಪೊದೆಯನ್ನು ಮೂಸಿ ಆರ್ವಿಲ್‌ನನ್ನು ಕಂಡುಹಿಡಿಯಿತು. ಅವನು ಓಡಿ ಗಾಡಿಯ ಮಾಡಿನ ಮೇಲೆ ಹತ್ತಿದ. ಮಂದೆ ಗಾಡಿಯನ್ನು ಸುತ್ತುವರಿದು, ಕೊಂಬು ತಗಡಿಗೆ ತಾಗಿಸುತ್ತ, ಮಾತೃವಾತ್ಸಲ್ಯದಿಂದ ಅಂಬಾ ಅನ್ನತೊಡಗಿತು.

ಕಿಟಕಿಯಿಂದ ಎಫ್ರೈನ್ ತಲೆ ಹೊರಹಾಕಿದ. "ದೊನ್ ಆರ್ವಿಲ್, ಈ ವರ್ಷ ಕಯೋಟಿಗೆ ಕೊಂಬು ಬಂದಿದೆಯಾ?"

"ಗಾಳಿ ತಿರುಗಿತು ಕಣಯ್ಯ" ಎಂದು ಮಾಡಿನಿಂದ ಉತ್ತರ ಬಂತು.

ಗುರುವಾರ ನಸುಕಿನಲ್ಲಿ ಅವನು ಪೀಪಿಯನ್ನು ಬದಿಗಿಟ್ಟು, ಬಹುಮಾನ ತಂದುಕೊಟ್ಟ ಕೂಗನ್ನೇ ಕೂಗಿದ. ಪರಸ್ಥಳದ ಕಯೋಟಿ ತನ್ನ ಜಾಗಕ್ಕೆ ನುಗ್ಗಿತೆಂದು ಮನೆಯ ಯಜಮಾನ ಜಗಳಕ್ಕೆ ಬರಬೇಕು, ಇದು ಅದರ ತರ್ಕ. ಕೂಗು ಕಣಿವೆ ದಾಟಿ, ಬೇಸಿಗೆಗೆಂದು ಪೇಟೆಯವರು ಕಟ್ಟಿಸಿಕೊಂಡ ಬಂಗಲೆಗಳ ಜಗುಲಿಗೆ ತಲುಪಿತು. ಅಲ್ಲಿ ಯೋಗ ಮಾಡುತ್ತಿದ್ದ ಹೆಂಗಸೊಬ್ಬಳು, ಗುಡ್ಡದ ಮೇಲೆ ಗಂಡಸೊಬ್ಬನನ್ನು ಜೀವಂತ ಸುಲಿಯುತ್ತಿದ್ದಾರೆ ಎಂದು ಶೆರಿಫ್ ಕಚೇರಿಗೆ ದೂರು ಕೊಟ್ಟಳು. ಡೆಪ್ಯುಟಿ ಟ್ವೈಲಾ ಸೈರನ್ ಹಾಕಿಕೊಂಡು ಬಂದಳು. ಟೋಪಿಗೆ ಹುಲ್ಲು ಸಿಕ್ಕಿಸಿಕೊಂಡು, ಮುಖಕ್ಕೆ ಮಸಿ ಬಳಿದುಕೊಂಡು ಕವುಚಿ ಮಲಗಿದ್ದವನ ಬೆನ್ನಿಗೆ ಬೆಳಕು ಬಿಟ್ಟಳು.

"ಕೂಗಿದ್ದು ಯಾರು?"

"ಕಯೋಟಿ."

"ಎಲ್ಲಿದೆ?"

"ನಾನೇ ಮೇಡಂ."

"ಹಾಗಾದ್ರೆ ಕೈ ಮೇಲೆತ್ತು, ಕಯೋಟಿ."

ಕೈ ಎತ್ತಿದ ಮೇಲೆ ಗುರುತು ಹಿಡಿದಳು. ಅವಳ ಮಗಳು ಅವನ ಬಸ್ಸಿನಲ್ಲೇ ಶಾಲೆಗೆ ಹೋಗುವವಳು. ಬಿಟ್ಟಳು. ಆದರೆ ಬಿಟ್ಟ ಕತೆಯನ್ನು ಹೋಟೆಲಿನಲ್ಲಿ ಹೇಳದೆ ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಟಿನ್‌ಕಪ್‌ನಲ್ಲಿ ಎರಡು ಪಕ್ಷಗಳಾದವು. ಒಂದು ಪಕ್ಷದ ಪ್ರಕಾರ ಶುಕ್ರವಾರ ಆರ್ವಿಲ್‌ನ ಕರೆಗೆ ಅಗ್ನಿಶಾಮಕ ದಳ ಬರುತ್ತದೆ. ಇನ್ನೊಂದರ ಪ್ರಕಾರ ಪಾದ್ರಿ ಬರುತ್ತಾರೆ. ಕುರುಬನ ಶನಿವಾರದ ಬಗ್ಗೆ ಯಾವ ಪಕ್ಷವೂ ಮಾತಾಡಲಿಲ್ಲ. ಹೋಟೆಲಿನ ಮಾತು ತಟ್ಟೆಯಲ್ಲಿದ್ದ ಕುರಿಮಾಂಸದ ಬಗ್ಗೆ ಆಗುತ್ತದೆಯೇ ಹೊರತು ಕುರಿ ಕಾಯ್ದವನ ಬಗ್ಗೆ ಆಗುವುದಿಲ್ಲ.

ಸಂಜೆ ಆರ್ವಿಲ್ ಟೋಪಿ ಕೈಯಲ್ಲಿ ಹಿಡಿದು ಹ್ಯಾಂಡ್ಲಿಯ ಮನೆಗೆ ಹೋದ. ಜಗುಲಿಯ ಮೇಲೆ ಜಡ್ಜ್ ಮತ್ತು ಜನರಲ್ ಅಂಗಾತ ಮಲಗಿದ್ದವು.

"ಸಾಹೇಬ್ರೆ, ನನಗೆ ಕರೆಯಕ್ಕೆ ಬರಲ್ಲ. ಆ ಮುದುಕನ ಹಲ್ಲು ಬಿತ್ತು ಅಂತ ಗೆದ್ದೆ. ಪಾಪ, ನನ್ನಿಂದ ಆ ಕುರುಬನ ಅನ್ನ ಹೋಗಬಾರದು. ಬೇರೆ ಯಾರನ್ನಾದ್ರೂ ನೇಮಿಸಿ."

ಹ್ಯಾಂಡ್ಲಿ ಅವನ ಭುಜದ ಮೇಲೆ ಕೈಯಿಟ್ಟರು. "ಆರ್ವಿಲ್, ನಿನಗೆ ಬರಲ್ಲ ಅಂತ ನನಗೆ ಗೊತ್ತಿಲ್ವಾ? ಗೊತ್ತಿದ್ದೇ ಆರಿಸಿದ್ದು. ಯೋಚನೆ ಮಾಡ್ಬೇಡ. ಏನೂ ಬರದಿದ್ರೂ ನಿನ್ನ ಮೇಲೆ ಯಾರೂ ತಪ್ಪು ಹೊರಿಸಲ್ಲ."

ಆರ್ವಿಲ್‌ಗೆ ಕಣ್ಣು ತುಂಬಿಬಂತು. ತನ್ನ ಅಯೋಗ್ಯತೆ ತಿಳಿದೂ ತನ್ನನ್ನು ನಂಬಿದ ಇಂಥ ದೊಡ್ಡ ಮನುಷ್ಯನನ್ನು ಅವನು ನೋಡಿರಲಿಲ್ಲ. ಕೃತಜ್ಞತೆಗೆ ಏನು ಮಾಡಬೇಕೆಂದು ತಿಳಿಯದೆ ಜನರಲ್‌ನ ತಲೆ ಸವರಿದ. ಅದರ ಮೀಸೆಗೆ ಬಿಳಿ ಉಣ್ಣೆಯ ಎಳೆಯೊಂದು ಒಣಗಿ ಅಂಟಿಕೊಂಡಿತ್ತು. ಅದನ್ನು ಮೃದುವಾಗಿ ಬಿಡಿಸಿ, ಜಗುಲಿ ಕೊಳೆಯಾಗಬಾರದೆಂದು ಜೇಬಿಗೆ ಹಾಕಿಕೊಂಡು ಮನೆಗೆ ಬಂದ.

ಶುಕ್ರವಾರ ಬೆಳಕು ಹರಿಯುವ ಮುಂಚೆಯೇ ಗುಡ್ಡದ ಮೇಲೆ ಮಂಡಳಿ ಸೇರಿತ್ತು. ಹ್ಯಾಂಡ್ಲಿ ಮಡಿಸುವ ಕುರ್ಚಿ ತಂದಿದ್ದರು. ಎಚಾರ್ಟ್ ಹ್ಯಾಟು ತಂದಿದ್ದ. ಇನ್ನೊಂದು ದೂರು ಬಂದರೆ ಮತ್ತೆ ಓಡಿಬರುವುದು ತಪ್ಪಲಿ ಎಂದು ಟ್ವೈಲಾ ಮುಂಚಿತವಾಗಿಯೇ ಬಂದಿದ್ದಳು. ಲವೋನ್ ಗಂಡನ ಮಾನ ಹೋಗುವುದನ್ನು ಬೇರೆಯವರ ಬಾಯಿಂದ ಕೇಳುವುದಕ್ಕಿಂತ ಕಣ್ಣಾರೆ ನೋಡುವುದು ವಾಸಿ ಎಂದು ಬಂದಿದ್ದಳು. ಜೊತೆಗೆ ಎಲ್ಲರಿಗೂ ಬಿಸ್ಕೆಟ್ ತಂದಿದ್ದಳು. ಎಫ್ರೈನ್ ತನ್ನ ಗಂಟು ಕಟ್ಟಿ ಗಾಡಿಯ ಮೆಟ್ಟಿಲ ಮೇಲೆ ಇಟ್ಟು, ಅದರ ಪಕ್ಕದಲ್ಲಿ ಕೂತಿದ್ದ.

"ಗಂಟು ಇಷ್ಟೇನಾ?" ಲವೋನ್ ಕೇಳಿದಳು.

"ಕದ್ದ ಮರಿಗಳು ಇದರಲ್ಲಿ ಹಿಡಿಸ್ಲಿಲ್ಲ ಅಮ್ಮಾವ್ರೆ" ಅಂದ ಎಫ್ರೈನ್. ಟ್ವೈಲಾ ನಗಲು ಹೋಗಿ, ಹ್ಯಾಂಡ್ಲಿಯ ಮುಖ ನೋಡಿ, ಬಿಸ್ಕೆಟ್ ಬಾಯಿಗೆ ಹಾಕಿಕೊಂಡಳು.

ಎಲ್ಲರನ್ನೂ ಪೊದೆಗಳ ಹಿಂದೆ ಕೂರಿಸಿ, ಸೀನಬಾರದು, ಕೆರೆದುಕೊಳ್ಳಬಾರದು, ಬಿಸ್ಕೆಟ್ ಕಚ್ಚಬಾರದು ಎಂದು ಆಜ್ಞೆಮಾಡಿ, ಆರ್ವಿಲ್ ಕೂಗಿದ. ಏನೂ ಬರಲಿಲ್ಲ. ಪೀಪಿ ಊದಿದ. ಹಸುಗಳೂ ಬರಲಿಲ್ಲ, ಒಮ್ಮೆ ಮೋಸಹೋದ ತಾಯಂದಿರು ಅವು. ಬಿಸಿಲು ದಿಬ್ಬದ ನೆತ್ತಿ ಮುಟ್ಟಿತು. ಹ್ಯಾಂಡ್ಲಿ ಗಡಿಯಾರ ನೋಡಿ ಕುರ್ಚಿ ಮಡಿಸತೊಡಗಿದರು.

"ಇನ್ನೊಂದ್ಸಲ ಸಾಹೇಬ್ರೆ" ಎಂದು ಆರ್ವಿಲ್ ಮತ್ತೆ ಊದಿದ. ಜೋರಾಗಿ ಊದಿದ್ದಕ್ಕೆ ಪೀಪಿಯ ನಾಲಗೆ ಕಿತ್ತು ಬಂದು ಅವನ ಗಂಟಲಿಗೆ ಸಿಕ್ಕಿಹಾಕಿಕೊಂಡಿತು. ಆಗ ಅವನ ಬಾಯಿಂದ ಹೊರಟ ದನಿ ಯಾವ ಸ್ಪರ್ಧೆಯಲ್ಲೂ ಕೇಳಿದ್ದಲ್ಲ. ಉಸಿರು ಕಟ್ಟಿ, ಕಣ್ಣು ಮೇಲಾಗಿ, ಸಾಯುತ್ತಿರುವ ಮರಿಯೊಂದು ಹೇಗೆ ಕಿರುಚುತ್ತದೋ ಹಾಗೆಯೇ ಕಿರುಚಿದ. ಲವೋನ್ ಓಡಿ ಬಂದು ಬೆನ್ನಿಗೆ ಗುದ್ದಿದಳು. ಪೀಪಿಯ ನಾಲಗೆ ಹಾರಿ ಹೊರಬಿತ್ತು.

ಅದೇ ಹೊತ್ತಿಗೆ ಕಣಿವೆಯ ತಳದಿಂದ ಎರಡು ಪ್ರಾಣಿಗಳು ಓಡಿಬಂದವು.

ಓಟದಲ್ಲಿ ಉತ್ಸಾಹವಿತ್ತು. ಎದೆಯವರೆಗೂ ಹಸಿ ರಕ್ತ. ಮುಂದಿದ್ದದ್ದರ ಬಾಯಲ್ಲಿ ಮರಿಯೊಂದರ ಹಿಂಗಾಲು. ಅದು ಸೀದಾ ಆರ್ವಿಲ್‌ನ ಹತ್ತಿರ ಬಂದು, ನಿನ್ನೆ ತಲೆ ಸವರಿದವನ ಗುರುತು ಹಿಡಿದು, ಆ ಹಿಂಗಾಲನ್ನು ಅವನ ಬೂಟಿನ ಮೇಲಿಟ್ಟು, ಬಾಲ ಅಲ್ಲಾಡಿಸಿತು. ಕೊರಳ ಕೆಂಪು ಪಟ್ಟಿಯ ಹಿತ್ತಾಳೆ ಫಲಕ ಎಳೆಬಿಸಿಲಿಗೆ ಫಳಫಳ ಹೊಳೆಯಿತು.

ಇಂಥ ಗಂಭೀರ ಮೌನ ನಮ್ಮ ಚರ್ಚಿನಲ್ಲೂ ಅಪರೂಪ.

ಮೊದಲು ಚೇತರಿಸಿಕೊಂಡವರು ಹ್ಯಾಂಡ್ಲಿ. "ನೋಡಿದ್ರಾ," ಅಂದರು, ದನಿ ಒಂದಿಷ್ಟೂ ನಡುಗಲಿಲ್ಲ. "ಕಯೋಟಿ."

ಎಚಾರ್ಟ್ ಹ್ಯಾಟಿನೊಳಕ್ಕೆ ಬಗ್ಗಿದ. "ಹೌದು. ಸ್ವಲ್ಪ ದಪ್ಪ ಜಾತಿ."

"ಕೊರಳಲ್ಲಿ ಪಟ್ಟಿ ಇದೆಯಲ್ಲ?" ಅಂದಳು ಲವೋನ್.

"ಯಾವುದೋ ಪಾಪದ ನಾಯಿಯಿಂದ ಕಿತ್ಕೊಂಡಿರಬೇಕು" ಎಂದು ಮಂಡಳಿಯ ಸದಸ್ಯರೊಬ್ಬರು ವಿವರಿಸಿದರು. "ಇವು ಮಹಾ ಕಳ್ಳ ಪ್ರಾಣಿಗಳು."

"ಹಾಕಿಕೊಂಡಿದ್ದು ಹೇಗೆ?"

"ಒಂದಕ್ಕೊಂದು ಹಾಕಿರ್ತವೆ."

ಟ್ವೈಲಾ ಆಕಾಶ ನೋಡುತ್ತ, ಇಲಾಖೆಯ ಪರವಾಗಿ, ಇದು ಅಸಾಧ್ಯವೇನಲ್ಲ ಅಂದಳು.

ಎಫ್ರೈನ್ ಮೆಟ್ಟಿಲಿನಿಂದ ಎದ್ದ. ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದ. ಯಾರೂ ಅವನನ್ನು ನೋಡಲಿಲ್ಲ. ಕೊನೆಗೆ ಅವನು ಆರ್ವಿಲ್‌ನತ್ತ ತಿರುಗಿ, "ದೊನ್ ಆರ್ವಿಲ್, ನೀವೇ ಹೇಳಿ. ಬಂದಿದ್ದು ಏನು?" ಅಂದ.

ಆರ್ವಿಲ್ ಟೀಸ್‌ಡೇಲ್ ಜೀವನದಲ್ಲಿ ಎಂದೂ ದೊಡ್ಡವರ ಮಾತನ್ನು ಅನುಮಾನಿಸಿದವನಲ್ಲ. ಕೆಂಪು ದೀಪ ಅಂದರೆ ನಿಲ್ಲಿಸುವುದು, ಹಸಿರು ಅಂದರೆ ಹೊರಡುವುದು. ಅಧ್ಯಕ್ಷರು ಕಯೋಟಿ ಅಂದಿದ್ದರು. ಕುರಿಯ ಯಜಮಾನ ಕಯೋಟಿ ಅಂದಿದ್ದ. ಕಾನೂನು ಅಲ್ಲವೆಂದಿರಲಿಲ್ಲ. ತನ್ನ ಕಣ್ಣೊಂದೇ ಬೇರೆ ಏನೋ ಹೇಳುತ್ತಿತ್ತು, ಅದಾದರೂ ಈಗಷ್ಟೇ ಉಸಿರುಗಟ್ಟಿ ಮಂಜಾಗಿತ್ತು. ಅವನ ಮುಖ ನಿಧಾನವಾಗಿ ಅರಳಿತು.

"ಕಯೋಟಿ!" ಅಂದ. "ಎಫ್ರೈನ್, ಬಂತು ಕಣೋ! ನಾನು ಕರೆದೆ, ಕಯೋಟಿ ಬಂತು! ಒಂದಲ್ಲ, ಎರಡು! ಗಂಟು ಬಿಚ್ಚು!"

ಹೀಗೆಂದು, ಬಂದ ಕಯೋಟಿಗೆ ಏನು ಮಾಡಬೇಕೋ ಅದನ್ನು ಮಾಡಲು, ಮಾವನ ಕೋವಿಯನ್ನು ಸಜ್ಜುಮಾಡಿ ಜನರಲ್‌ನ ಎರಡು ಕಣ್ಣುಗಳ ನಡುವೆ ಗುರಿಯಿಟ್ಟ. ಜನರಲ್ ಕೋವಿಯ ಬಾಯನ್ನು ನೆಕ್ಕಿತು.

"ಏಯ್! ಏನ್ ಮಾಡ್ತಿದ್ದೀಯ?"

"ಹೊಡೀತಿದ್ದೀನಿ ಸಾಹೇಬ್ರೆ. ಸ್ವಲ್ಪ ಪಕ್ಕಕ್ಕೆ ಬನ್ನಿ, ರಕ್ತ ಹಾರತ್ತೆ."

"ಕೋವಿ ಇಳಿಸು!"

"ಕಯೋಟಿ ತಪ್ಪಿಸ್ಕೊಂಡು ಹೋಗತ್ತೆ ಸಾಹೇಬ್ರೆ. ನೀವೇ ಹೇಳಿದ್ರಲ್ಲ, ಕಯೋಟಿ ಅಂತ."

"ನಾಯಿ ಕಣೋ!" ರಾಯ್ಸ್ ಹ್ಯಾಂಡ್ಲಿ ಮಡಿಸುವ ಕುರ್ಚಿಯ ಮೇಲೆ ಎಡವಿ, ಮಂಡಿಯೂರಿ, ಎರಡೂ ಪ್ರಾಣಿಗಳ ಕೊರಳು ತಬ್ಬಿಕೊಂಡು ಕಿರುಚಿದರು. ಕಿರುಚಿದ ದನಿಗೆ ಜುಲೈ ನಾಲ್ಕರಂದು ಖಂಡಿತ ಬಹುಮಾನ ಸಿಗುತ್ತಿತ್ತು. "ನಾಯಿ! ನನ್ನ ನಾಯಿಗಳು! ನನ್ನ ಜಡ್ಜ್, ನನ್ನ ಜನರಲ್! ಕುರುಡಾ ನೀನು?"

ಆರ್ವಿಲ್ ಕೋವಿ ಇಳಿಸಿ, ತೀರಾ ಗೊಂದಲದಿಂದ ಮಂಡಳಿಯನ್ನು ನೋಡಿದ. "ಹಾಗಾದ್ರೆ ಮರಿ ತಿಂದಿದ್ದು..." ಎಂದು ಶುರುಮಾಡಿ, ಬೂಟಿನ ಮೇಲಿದ್ದ ಕಾಲನ್ನು ನೋಡಿದ. ಆಮೇಲೆ ಜೇಬಿಗೆ ಕೈಹಾಕಿ ನಿನ್ನೆಯ ಉಣ್ಣೆಯೆಳೆಯನ್ನು ತೆಗೆದು, ಅದನ್ನು ಯಾರಿಗೆ ಒಪ್ಪಿಸಬೇಕೆಂದು ತಿಳಿಯದೆ, ಟ್ವೈಲಾಳ ಅಂಗೈಯಲ್ಲಿಟ್ಟ.

ಕುರಿ ಕಚ್ಚಿದ ನಾಯಿಗೆ ಕಂಡಲ್ಲೇ ಗುಂಡು ಎಂಬ ಕಾನೂನು ಅಲ್ಲಿ ನಿಂತಿದ್ದ ಎಲ್ಲರಿಗೂ ನೆನಪಿತ್ತು, ಆದ್ದರಿಂದ ಯಾರೂ ನೆನಪಿಸಲಿಲ್ಲ. ಎಚಾರ್ಟ್ ಮಾತ್ರ ಹ್ಯಾಟನ್ನು ತಲೆಗೆ ಹಾಕಿಕೊಂಡು, "ನನ್ನ ಮಗಳ ನಾಯಿ ಇದರ ಅರ್ಧದಷ್ಟೂ ಇರಲಿಲ್ಲ, ರಾಯ್ಸ್" ಅಂದ. ಅಷ್ಟೇ ಅಂದ. ಹುಲ್ಲು ಇನ್ನೂ ಹ್ಯಾಂಡ್ಲಿಯದೇ ಆಗಿತ್ತು.

"ಎಳೆಯವು ಪಾಪ, ಆಟ ಆಡಿರ್ತವೆ" ಎಂದು ಹ್ಯಾಂಡ್ಲಿ ಮೊಣಕಾಲಿನ ಧೂಳು ಕೊಡವಿಕೊಂಡರು. "ಕಟ್ಟಿಹಾಕ್ತೀನಿ. ಆ ಹುಡುಗ ಇರಲಿ ಬಿಡಿ, ಬ್ಯಾಟಿಸ್ಟ್. ನಾನೇನೂ ಮನಸ್ಸಿನಲ್ಲಿ ಇಟ್ಕೊಳ್ಳಲ್ಲ."

ಹುಡುಗ ಅಂದರೆ ಎಫ್ರೈನ್. ಅವನ ಕೂದಲು ಕಿವಿಯ ಮೇಲೆ ಬೆಳ್ಳಗಾಗಿತ್ತು. ಅವನನ್ನು ಕ್ಷಮಿಸಿದ್ದಕ್ಕೆ ಮಂಡಳಿಯ ಸದಸ್ಯರು ಅಧ್ಯಕ್ಷರ ಕೈಕುಲುಕಿದರು. ನಮ್ಮ ಸೀಮೆಯ ಪಿಕಪ್ಪುಗಳಲ್ಲಿ ಕುರುಬರು ಹಿಂದೆ, ಉಪ್ಪಿನ ಮೂಟೆಗಳ ಜೊತೆ ಕೂರುವುದು ವಾಡಿಕೆ. ಜಡ್ಜ್ ಮತ್ತು ಜನರಲ್ ಮುಂದಿನ ಸೀಟಿನಲ್ಲಿ, ರಕ್ತದ ಎದೆ ಮುಂದೆಮಾಡಿ, ಕಿಟಕಿಯಿಂದ ತಂಗಾಳಿ ಸವಿಯುತ್ತ ಗುಡ್ಡ ಇಳಿದವು.

ಶನಿವಾರದ ಬಸ್ಸು ಖಾಲಿಯಾಗಿ ಹೋಯಿತು.

ಅಂದು ಸಂಜೆ ಆರ್ವಿಲ್ ಗುಡ್ಡ ಹತ್ತಿ, ಲವೋನ್ ಕಟ್ಟಿಕೊಟ್ಟ ಹಣ್ಣಿನ ಕಡುಬನ್ನು ಎಫ್ರೈನ್‌ಗೆ ಕೊಟ್ಟ. ಟೋಪಿ ಇರಲಿಲ್ಲ. ಗಂಟು ಬಿಚ್ಚಿಯಾಗಿತ್ತು, ಅದರಲ್ಲಿದ್ದ ಒಂದು ಕಂಬಳಿ ಮತ್ತೆ ಮಂಚದ ಮೇಲಿತ್ತು. ಇಬ್ಬರೂ ಮೆಟ್ಟಿಲ ಮೇಲೆ ಕೂತು ತಿಂದರು.

"ದೊನ್ ಆರ್ವಿಲ್, ನಿಜ ಹೇಳಿ. ನೀವು ಬೇಕಂತಲೇ ಗುರಿಯಿಟ್ರಾ?"

"ಎಲ್ಲರೂ ಕಯೋಟಿ ಅಂದ್ರಲ್ಲಯ್ಯ" ಅಂದ ಆರ್ವಿಲ್. ಎಫ್ರೈನ್ ಅವನ ಮುಖವನ್ನು ಬಹಳ ಹೊತ್ತು ನೋಡಿದ. ಏನೂ ಸಿಗಲಿಲ್ಲ.

ತಿಂದ ಸಂತೋಷಕ್ಕೆ ಆರ್ವಿಲ್ ತಲೆಯೆತ್ತಿ, ಪೀಪಿಯಿಲ್ಲದೆ, ಸುಮ್ಮನೆ ಒಂದು ಕೂಗು ಕೂಗಿದ. ಎದುರು ದಿಬ್ಬದ ಮೇಲೆ ಏನೋ ಅಲುಗಿತು. ಬಡಕಲು ಪಕ್ಕೆಯ, ಕೆದರಿದ ಬಾಲದ, ಮರಿಗಳಿಗೆ ಹಾಲೂಡಿಸಿ ಸೊರಗಿದ ಕಯೋಟಿಯೊಂದು ನೆತ್ತಿಯ ಮೇಲೆ ಬಂದು ನಿಂತು, ಇವರನ್ನೇ ನೋಡಿತು. ಆರ್ವಿಲ್‌ನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಕೈ ಮೂರು ದಿನದ ಅಭ್ಯಾಸಬಲದಿಂದ ಕೋವಿ ಹುಡುಕಿತು. ಕೋವಿ ಮನೆಯಲ್ಲಿತ್ತು.

ಎಫ್ರೈನ್ ಅವನ ಬಾಯಿಯನ್ನು ತನ್ನ ಅಂಗೈಯಿಂದ ಮುಚ್ಚಿದ. ಕಿವಿ ಹರಿದ ಬಿಳಿ ನಾಯಿ ಗುರ್ರೆಂದಿತು; ಅದನ್ನೂ ಸುಮ್ಮನಿರಿಸಿದ. ಆಮೇಲೆ ದಿಬ್ಬದತ್ತ ಕೈಬೀಸಿ, ಕೆಳದನಿಯಲ್ಲಿ ಅಂದ:

"ಹೋಗಮ್ಮ, ಬೇಗ ಹೋಗು. ನೀನಿಲ್ಲಿ ಕಾಲಿಟ್ರೆ ಮತ್ತೆ ಎಲ್ಲ ನಿನ್ನ ತಲೆಗೇ ಕಟ್ತಾರೆ. ನಿನ್ನ ತಲೆ ಸಿಗಲಿಲ್ಲ ಅಂದ್ರೆ, ನನ್ನದು."